ಶನಿವಾರ ಕೊಂಡ ಸಣ್ಣ ಚಕ್

ನಮ್ಮ ಮನೆಯ ಬಾಗಿಲಾಚೆ, ಚಪ್ಪಲಿ ಗೂಡಿನ ಮೇಲೆ, ಒಂದು ರಟ್ಟಿನ ಡಬ್ಬಿ ಕೂತಿದೆ. ಮಧ್ಯಾಹ್ನದಿಂದ ಎಷ್ಟೋ ಸಲ ಹೋಗಿ ನೋಡಿ ಬಂದೆ. ಮುಚ್ಚಳ ತೆಗೆದರೆ ಗ್ರೀಸಿನ ವಾಸನೆ, ಅದರಡಿಯಲ್ಲಿ ಬೇವಿನ ಮರದ ಪುಡಿಯ ಕಹಿ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದರೆ ಪಕ್ಕದ ಮನೆಯ ಮಾವ ತೋಳು ಮಡಿಸಿಕೊಂಡು ಗೋಡೆಯಾಚೆ ನಿಂತಂತಾಗುತ್ತದೆ...

ಮಾವ ಎಂದರೆ ನೆಂಟರಲ್ಲ. ಚಿಕ್ಕಬಾಣಾವರಕ್ಕೆ ನಾವು ಬಾಡಿಗೆಗೆ ಬಂದಾಗ ಅವರ ಹೆಂಡತಿಯನ್ನು ಅತ್ತೆ ಎಂದು ಕರೆದೆ, ಅವರು ತಾವಾಗಿಯೇ ಮಾವ ಆದರು. ಪೀಣ್ಯದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಜೀವನವಿಡೀ ಬೇರೆಯವರು ಮಾಡಿದ್ದನ್ನು ಡಬ್ಬಿಗೆ ತುಂಬಿದ್ದಾಯಿತು, ಇನ್ನು ನಾನೇ ಏನಾದರೂ ಮಾಡಬೇಕು ಎಂದು ಮರ ಕಡೆಯುವ ಲೇತ್ ಒಂದನ್ನು ತಂದು, ಕಾರಿಲ್ಲದ ಕಾರ್ ಷೆಡ್ಡಿನಲ್ಲಿ ಇಟ್ಟುಕೊಂಡರು. ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ. ಮೊದಲು ಕಡೆದ ಕಡಗೋಲು ಒನಕೆಗೆ ತಮ್ಮನಂತಿತ್ತು. ಅದನ್ನು ನಮಗೇ ಕೊಟ್ಟರು. ಬೇಡ ಎನ್ನಲು ಬಾಯಿ ಬರಲಿಲ್ಲ.

ಆ ಯಂತ್ರದ ಜೊತೆಗೆ ಬಂದಿದ್ದ ಚಕ್ ಬಹಳ ದೊಡ್ಡದು. ಚಕ್ ಎಂದರೆ ಯಂತ್ರದ ಮುಷ್ಟಿ, ಮರದ ತುಂಡನ್ನು ಕಚ್ಚಿ ಹಿಡಿದು ತಿರುಗುವುದು ಅದೇ. ಮಾವನಿಗೋ ಕುಂಕುಮದ ಭರಣಿ ಮಾಡುವ ಹಟ. ಅಷ್ಟು ಸಣ್ಣ ತುಂಡನ್ನು ಅಂಥ ಮುಷ್ಟಿಗೆ ಕೊಟ್ಟರೆ ಉಳಿ ಹಿಡಿದ ಕೈ ತಿರುಗುವ ಕಬ್ಬಿಣದ ಪಕ್ಕದಲ್ಲೇ ಓಡಾಡಬೇಕು. ಅದರ ದವಡೆಗಳು ತಿರುಗುವಾಗ ಕಣ್ಣಿಗೆ ಕಾಣುವುದೂ ಇಲ್ಲ, ಫ್ಯಾನಿನ ರೆಕ್ಕೆ ಕಾಣದ ಹಾಗೆ. ಒಮ್ಮೆ ಆಗಲೇ ಗೆಣ್ಣು ತರಚಿತ್ತು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದು ಬಾಕಿ ಇತ್ತು. ಗೋಡೆಯಾಚೆ ಗುಂಯ್ ಎಂದು ಶುರುವಾದರೆ ನನಗೆ ಒಲೆಯ ಮೇಲಿನ ಹಾಲು ಮರೆತುಹೋಗುತ್ತಿತ್ತು. ಶಬ್ದ ನಿಂತರೆ ಇನ್ನೂ ಭಯ. ಯಾಕೆ ನಿಂತಿತು?

ಕೊನೆಗೆ ಮಾವನೇ ದಾರಿ ಕಂಡುಕೊಂಡರು. ಸಣ್ಣ ಕೆಲಸಕ್ಕೆಂದೇ ಎರಡನೆಯದೊಂದು ಸಣ್ಣ ಚಕ್. ಪೀಣ್ಯದಲ್ಲಿ ಸಿಗುತ್ತದೆ, ಸ್ಕೂಟರಿನಲ್ಲಿ ಕರೆದುಕೊಂಡು ಹೋಗು, ಗುರುತು ಓದಲು ನಿನ್ನ ಕಣ್ಣು ಬೇಕು ಎಂದರು. ನನಗೆ ರಜೆ ಶನಿವಾರ, ಭಾನುವಾರ. ಭಾನುವಾರ ಆ ಅಂಗಡಿ ಮುಚ್ಚಿರುತ್ತದೆ. ಹಾಗಾಗಿ ಶನಿವಾರವೇ ಹೊರಟೆವು.

ಹೊರಡುವ ಹೊತ್ತಿಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ಅವ್ರ ಜೊತೆ ಓಗ್ಬಾ. ಆದ್ರೆ ತರಬ್ಯಾಡ ಕಣವ್ವ. ಅಳತೆ ಕೂಡ್ಲಿಲ್ಲ ಅಂತ ಏಳ್ಬುಡು. ಇನ್ನೊಂದು ಬಂತು ಅಂದ್ರೆ ಆ ಮಿಷನ್ ಮುಂದಿಂದ ಎದ್ದು ಬರಾಕಿಲ್ಲ ಅವ್ರು."

ಸ್ಕೂಟರಿನ ಹಿಂದೆ ಕೂತು ಮಾವ ಇನ್ನೊಂದು ಗುಟ್ಟು ಹೇಳಿದರು. ಅತ್ತೆಯ ಕುಂಕುಮ ಯಾವುದೋ ಮಾತ್ರೆಯ ಡಬ್ಬಿಯಲ್ಲಿ ಇರುತ್ತಿತ್ತು. ಆ ಭರಣಿ ಅತ್ತೆಗೆ. "ಕೈಗೆ ಕೊಡೋಗಂಟ ಅವಳಿಗೆ ಏಳ್ಬ್ಯಾಡ" ಎಂದರು. ನನಗೆ ಅತ್ತ ದರಿ, ಇತ್ತ ಪುಲಿ.

ಅಂಗಡಿಯವನು ಎರಡು ಚಕ್ ತಂದಿಟ್ಟ. ಒಂದು ಕೊಂಚ ದೊಡ್ಡದು, ಹೊಳೆಯುತ್ತಿತ್ತು. ಇನ್ನೊಂದು ಪುಟ್ಟದು, ಮಂಕಾಗಿತ್ತು. "ಸ್ಟಾಕ್ ಮಿಕ್ಸ್ ಆಗ್ಬಿಟ್ಟಿದೆ ಮೇಡಂ, ಹಿಂದೆ ಥ್ರೆಡ್ ಗುರುತು ನೋಡ್ಕೊಂಡ್ಬಿಡಿ" ಎಂದ. ಆ ತಿರುಪು ನಮ್ಮ ಯಂತ್ರದ ತಿರುಪಿಗೆ ಹೊಂದದಿದ್ದರೆ ನಡುವೆ ಎರಡನ್ನೂ ಕೂಡಿಸುವ ಒಂದು ಕಬ್ಬಿಣದ ಬಳೆ ಹಾಕಬೇಕು, ಆಗ ಮರ ಇನ್ನಷ್ಟು ಹೊರಗೆ ಚಾಚಿ ನಡುಗುತ್ತದೆ ಎಂದು ಮಾವ ದಾರಿಯಲ್ಲೇ ಪಾಠ ಮಾಡಿದ್ದರು. ಯಂತ್ರದ ಗುರುತನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದರು. ಹೊಳೆಯುವುದು ಕೂಡಲಿಲ್ಲ. ಪುಟ್ಟದನ್ನು ಮಗುಚಿ ಓದಿದೆ. ಮಾವನ ಅಂಗೈ ಬೆವರಿ ಶಾಯಿ ಹರಡಿತ್ತು, ಆದರೂ ಕಾಣುತ್ತಿತ್ತು. ಅದೇ ಗುರುತು.

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾವ ಆ ಅಂಗೈಯನ್ನು ನನ್ನ ಮುಂದೆ ಚಾಚಿಕೊಂಡೇ ಇದ್ದರು. ಚಕ್ ತರದಿದ್ದರೆ ಇವರು ಭರಣಿ ಬಿಟ್ಟಾರೆಯೇ? ಆ ದೊಡ್ಡದರಲ್ಲೇ ಮಾಡುತ್ತಾರೆ. ನನಗೆ ಅತ್ತೆಯ ಮಾತಿಗಿಂತ ಆ ದೊಡ್ಡ ಚಕ್ಕಿನ ಭಯವೇ ಹೆಚ್ಚಾಯಿತು.

"ಕೂಡುತ್ತೆ ಮಾವ" ಎಂದೆ.

ದುಡ್ಡು ಕೊಟ್ಟ ಮಾವ ಡಬ್ಬಿಯನ್ನು ಅಂಗಡಿಯವನ ಕಡೆಗೇ ತಳ್ಳಿದರು. "ಇಲ್ಲೇ ಇರ್ಲಿ ಸಾರ್. ಸೋಮ್ವಾರ ಬತ್ತೀನಿ." ಶನಿವಾರ ಕಬ್ಬಿಣ ಮನೆಗೆ ತರಬಾರದು ಎನ್ನುವುದು ಅತ್ತೆಯ ಕಟ್ಟಳೆ. ಮದುವೆಯಾದಾಗಿನಿಂದ ಆ ಮನೆಗೆ ಶನಿವಾರ ಒಂದು ಮೊಳೆಯೂ ಬಂದಿರಲಿಲ್ಲವಂತೆ. ನನಗೆ ನಗು ಬಂತು.

"ನಿಮ್ಮ ಜೇಬಲ್ಲಿರೋ ಬೀಗದ ಕೈ ಏನು ಮಾವ, ಕಬ್ಬಿಣ ಅಲ್ವಾ?"

"ಅದು ಅಳೇದು. ಒಸಾದು ತರಂಗಿಲ್ಲ. ನಿಮ್ಮತ್ತೆಗೆ ಗೊತ್ತಾಗ್ದೆ ಇರ್ಬೋದು, ನಂಗೆ ಗೊತ್ತಾಯ್ತದಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಂದಿಲ್ಲ ಎಂದು ಅತ್ತೆಗೆ ಹೇಳಿದೆ. ಸುಳ್ಳಂತೂ ಅಲ್ಲ.

ಭಾನುವಾರ ಬೆಳಿಗ್ಗೆ ಗೋಡೆಯಾಚೆ ಗುಂಯ್ ಎಂದಿತು. ಒಳಗಿನ ನುಣುಪು ಕೆಲಸಕ್ಕೆ ಸೋಮವಾರ ಸಣ್ಣದು ಬರುತ್ತದಲ್ಲ, ಅಷ್ಟರಲ್ಲಿ ಹೊರಗಿನ ಒರಟು ಕೆಲಸವನ್ನು ದೊಡ್ಡದರಲ್ಲೇ ಮುಗಿಸಿಟ್ಟಿರೋಣ ಎಂದುಕೊಂಡರಂತೆ. ಟಪ್ ಎಂದು ಒಂದು ಸದ್ದು. ಆಮೇಲೆ ಶಬ್ದ ನಿಂತಿತು. ನಾನು ಓಡಿದೆ. ಮಾವ ಕೈಗೆ ಟವೆಲ್ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದರು. ಮರದ ಪುಡಿ ಕೆಂಪಾಗಿತ್ತು. ಅತ್ತೆ ರಾಗಿಹಿಟ್ಟಿನ ಕೈಯಲ್ಲೇ ಅವರ ತಲೆ ಹಿಡಿದುಕೊಂಡಿದ್ದರು.

ಎರಡು ಬೆರಳಿನ ಮೂಳೆ ಮುರಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದೆ, ಚಕ್ ಕೊಂಡದ್ದನ್ನೂ ಅದು ಅಂಗಡಿಯಲ್ಲೇ ಯಾಕೆ ಉಳಿಯಿತು ಎನ್ನುವುದನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನನ್ ಶನಿವಾರಕ್ಕೆ ಅವ್ರ ಬೆರಳು ಓಯ್ತಲ್ಲವ್ವ" ಎಂದರು, ಅಷ್ಟೆ.

ಸೋಮವಾರ ನಾನು ಕೆಲಸಕ್ಕೆ ರಜೆ ಹಾಕಿದೆ. ಸ್ಕೂಟರಿನ ಹಿಂದೆ ಅತ್ತೆ ಕೂತರು. ಬರುವಾಗ ಆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

ಕೈಯ ಕಟ್ಟು ಬಿಚ್ಚಿದ ಮೇಲೆ ಮಾವ ಸಣ್ಣ ಚಕ್ಕಿನಲ್ಲಿ ಆ ಭರಣಿ ಮುಗಿಸಿದರು. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಅತ್ತೆ "ಕೈ, ಕೈ" ಎನ್ನುತ್ತಿದ್ದರು. ನಾನು ಈಚೆ ಕಡೆ ಗೋಡೆಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ. ಮುಚ್ಚಳ ಎಷ್ಟು ಬಿಗಿ ಎಂದರೆ ತೆಗೆಯಲು ಇಬ್ಬರು ಬೇಕಾಗಿತ್ತು. ದಿನಾ ಬೆಳಿಗ್ಗೆ ಅತ್ತೆ ಹಿಡಿದುಕೊಳ್ಳುವುದು, ಮಡಿಸಲಾಗದ ಬೆರಳುಗಳಲ್ಲಿ ಮಾವ ಎಳೆಯುವುದು...

ಹೋದ ವರ್ಷ ಮಾವ ಹೋದರು. ನಾನು ಹೆದರಿದ್ದ ಯಾವುದರಿಂದಲೂ ಅಲ್ಲ. ನಿದ್ದೆಯಲ್ಲಿ.

ಇವತ್ತು ಅತ್ತೆ ಜಿಗಣಿಯ ತಂಗಿಯ ಮನೆಗೆ ಹೊರಟುಹೋದರು. ಲೇತ್ ಮತ್ತು ದೊಡ್ಡ ಚಕ್ ಮಾರಿದ್ದಾಗಿತ್ತು, ಸಣ್ಣದನ್ನು ಮಾತ್ರ ಕೊಟ್ಟಿರಲಿಲ್ಲ. ಅದನ್ನು ತಂದು ನನ್ನ ಕೈಯಲ್ಲಿಟ್ಟರು. ಭರಣಿ ಅವರ ಚೀಲದಲ್ಲಿತ್ತು. ಅದರಲ್ಲಿ ಈಗ ಲವಂಗ ಇದೆಯಂತೆ. ಮುಚ್ಚಳ ಯಾರು ತೆಗೆದುಕೊಟ್ಟರು ಎಂದು ನಾನು ಕೇಳಲಿಲ್ಲ.

"ಇವತ್ತು ಶನಿವಾರ ಅತ್ತೆ" ಎಂದೆ.

"ಗೊತ್ತು ಕಣವ್ವ. ನನ್ ಮನೆಯಿಂದ ಓಯ್ತಾ ಐತೆ, ಬತ್ತಾ ಇಲ್ವಲ್ಲ. ನಿಂಗೇನು, ನೀನು ಇದ್ಕೆಲ್ಲ ನಗ್ತಿದ್ದೆ."

ಹೌದು, ನಗುತ್ತಿದ್ದೆ. ಈಗ ಹೊಸ್ತಿಲ ಹತ್ತಿರ ಬಂದರೆ ಕಾಲು ನಿಲ್ಲುತ್ತದೆ. ಅಂದು ಹೊರಗೆ ಬಿಟ್ಟುಬಂದಿದ್ದಕ್ಕೇ ಆ ಬೆರಳು ಹೋದವು ಎಂದು ಗೊತ್ತಿದ್ದೂ ಡಬ್ಬಿಯನ್ನು ಒಳಗೆ ತರಲು ಧೈರ್ಯ ಬರುತ್ತಿಲ್ಲ. ಮೋಡ ಕಟ್ಟಿದೆ. ಮೇಲೊಂದು ಪ್ಲಾಸ್ಟಿಕ್ ಕವರ್ ಹೊದಿಸಿ ಬಂದೆ. ಒಲೆಯ ಮೇಲೆ ಹಾಲಿದೆ. ಗೋಡೆಯಾಚೆ ಏನೂ ಶಬ್ದವಿಲ್ಲ. ಯಾಕೆ ನಿಂತಿತು ಎಂದು ಓಡಿಹೋಗಿ ನೋಡಲು ಅಲ್ಲಿ ಈಗ ಯಾರೂ ಇಲ್ಲ.