ಭಂಡಾರ ಮುಟ್ಟಿದ ಸಂಪರ್ಕಾಧಿಕಾರಿ

ಶ್ರೀಶೈಲನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವನಿಗೆ ಸಂಬಳ ಕೊಟ್ಟವರ ಮೇಲೆ ಅದರ ಹತ್ತು ಪಟ್ಟು ಇದೆ.

ಬೈಲಹೊಂಗಲದ ಹೊರಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಅವನು ಹದಿನೆಂಟು ವರ್ಷ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿದ್ದ. ಹೆಸರು ದೊಡ್ಡದು. ಕೆಲಸವೆಂದರೆ ಕಾರ್ಮಿಕರ ಮನೆಯ ಮದುವೆಗೆ ಕಂಪನಿಯ ಪರವಾಗಿ ಆಯಾರದ ಸೀರೆ ಒಯ್ಯುವುದು, ಯಾರಾದರೂ ಸತ್ತರೆ ಹಾರ ಒಯ್ಯುವುದು, ತಾಲೂಕು ವರದಿಗಾರನಾದ ನನಗೆ ಮಿಲ್ಲಿನ ಸುದ್ದಿ ಬರೆದುಕೊಡುವುದು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಅವನು ಬರೆದದ್ದನ್ನು ನಾನು ಒಂದಕ್ಷರ ತಿದ್ದದೆ ಪತ್ರಿಕೆಗೆ ಕಳಿಸುತ್ತಿದ್ದೆ.

ಮಿಲ್ಲು ಮೂರು ವರ್ಷದಿಂದ ನಷ್ಟದಲ್ಲಿತ್ತು. ಹತ್ತಿಯ ದರ ಒಂದು ವಾರ ಆಕಾಶಕ್ಕೆ, ಮರುವಾರ ಪಾತಾಳಕ್ಕೆ. ಅದೇ ಹೊತ್ತಿಗೆ ಯರಗಟ್ಟಿಯಲ್ಲಿ ಹೊಸ ಮಿಲ್ಲು ತೆರೆದು, ಅನುಭವವಿದ್ದ ಹೆಂಗಸರನ್ನು ಕೆಲಸಕ್ಕೆ ಕರೆಯಿತು. ಇಲ್ಲಿಯ ಮೂವತ್ತು ಹೆಂಗಸರೂ ಹೊರಟು ನಿಂತರು. ಗೋದಾಮಿನಲ್ಲಿ ಇನ್ನೂ ಹದಿನೈದು ದಿನದ ಹತ್ತಿ ಬಿದ್ದಿತ್ತು. ಮಿಲ್ಲಿನ ಮಾಲೀಕನಾದ ಸಾಹುಕಾರ, ಶ್ರೀಶೈಲನನ್ನು ಕರೆದ.

“ಈ ಹತ್ತಿ ಮುಗಿಯೂತನಕ ಹೋಗಬ್ಯಾಡ್ರಿ ಅಂತ ಹೇಳು. ಆಮ್ಯಾಲ ಒಂದು ತಿಂಗಳು ಮಷಿನ್ ದುರಸ್ತಿ, ಮತ್ತ ಎಲ್ಲಾರಿಗೂ ಕೆಲಸ.”

ಯಾವ ದುರಸ್ತಿ ಎಂದು ಶ್ರೀಶೈಲ ಕೇಳಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುವುದು ಅವನ ನೀತಿ. ದಡ್ಡ! ಸೂರು ಬಿಚ್ಚುತ್ತಿರುವಾಗಲೂ ತಲೆ ಎತ್ತಿ ನೋಡಬಾರದೇ?

ಹೆಂಗಸರು ಸಿದ್ದಲಿಂಗವ್ವನ ಅಂಗಳದಲ್ಲಿ ಸೇರಿದ್ದರು. ಅವರಲ್ಲಿ ಹಿರಿಯಳು ಆಕೆ. ಶ್ರೀಶೈಲ ಅಲ್ಲಿಗೆ ಹೋಗಿ ಸಾಹುಕಾರನ ಮಾತು ಹೇಳಿದ.

“ಸಾವ್ಕಾರ್ರ ಮಾತು ಬ್ಯಾಡ್ರಿ. ನೀವು ಹೇಳ್ರಿ ಸಾಹೇಬ್ರ,” ಎಂದವಳೇ ದೇವರ ಜಗಲಿಯಿಂದ ಸವದತ್ತಿ ಎಲ್ಲಮ್ಮನ ಭಂಡಾರದ ಬಟ್ಟಲು ತಂದು ಹಿಡಿದಳು. ಆ ಅರಿಶಿನ ಮುಟ್ಟಿ ಆಡಿದ ಮಾತಿಗೆ ನಮ್ಮ ಕಡೆ ಸಾಕ್ಷಿ ಬೇಕಿಲ್ಲ.

ಶ್ರೀಶೈಲ ಮುಟ್ಟಿದ. ಹಣೆಗೂ ಹಚ್ಚಿಕೊಂಡ. “ಮಿಲ್ಲು ಮತ್ತ ಸುರು ಆಗತೈತಿ. ನನ್ನ ಆಣಿ.”

ಒಬ್ಬಳೂ ಯರಗಟ್ಟಿಗೆ ಹೋಗಲಿಲ್ಲ. ‘ದುರಸ್ತಿ ಬಳಿಕ ಮಿಲ್ ಪುನರಾರಂಭ’ ಎಂದು ನಾನೂ ಸುದ್ದಿ ಮಾಡಿದೆ.

ಹದಿನಾರನೆಯ ದಿನ ನಾಲ್ಕು ಲಾರಿ ಬಂದವು. ಮಷಿನ್ನುಗಳನ್ನು ಬುಡಸಮೇತ ಕಿತ್ತು ಹೇರಿಕೊಂಡು ಹೋದವು. ಅವುಗಳ ಮಾರಾಟ ಆಣೆಗೆ ಮೊದಲೇ ಕುದುರಿತ್ತು. ಹೆಂಗಸರು ಯರಗಟ್ಟಿಗೆ ಓಡಿದರೆ ಅಲ್ಲಿ ಆಳು ಭರ್ತಿಯಾಗಿ ವಾರ ಕಳೆದಿತ್ತು.

ಸಾಹುಕಾರನಿಗೆ ಇಷ್ಟೂ ಸಾಲಲಿಲ್ಲ. ‘ಕಾರ್ಮಿಕ ಮಹಿಳೆಯರು ಕೆಲಸಕ್ಕೆ ಬಾರದ ಕಾರಣ ಮಿಲ್ ಮುಚ್ಚಬೇಕಾಯಿತು’ ಎಂದು ಬರೆಸಿ, ಸಹಿ ಹಾಕಿ ಪತ್ರಿಕೆಗೆ ಕೊಡು ಎಂದು ಶ್ರೀಶೈಲನ ಕೈಗಿಟ್ಟ. ಎಂಥ ನಾಚಿಕೆಗೆಟ್ಟ ಜನ! ಶ್ರೀಶೈಲ ಆ ಹಾಳೆ ಹಿಡಿದು ನೇರ ಸಿದ್ದಲಿಂಗವ್ವನ ಮನೆಗೆ ಹೋದ. ಆಕೆ ಕುಂದರ್ರಿ ಅನ್ನಲಿಲ್ಲ.

“ನನಗೂ ಗೊತ್ತಿರಲಿಲ್ಲಬೇ ಯವ್ವಾ. ಕಂಪನಿ ಹೇಳಿದ್ದು ಹೇಳಿದೆ.”

“ನನ್ನ ಮಗಳ ಮದವಿಗೆ ಸೀರಿ ತಂದಿದ್ರಿ. ಅದು ಕಂಪನೀದು. ಆಣಿ ಯಾರ್ದ್ರಿ?”

ಕೆಟ್ಟ ಮೇಲೆ ಬುದ್ಧಿ ಬಂತು. ಅವನು ಅದೇ ಹಾಳೆಯ ಹಿಂಬದಿಗೆ ಬರೆದ: ‘ಹೆಂಗಸರು ಕೊನೆಯ ದಿನದವರೆಗೂ ಕೆಲಸಕ್ಕೆ ಬಂದಿದ್ದರು. ದುರಸ್ತಿ ಎಂಬುದು ಸುಳ್ಳು. ಆಣೆ ಮಾಡಿ ಅವರನ್ನು ತಡೆದವನು ನಾನು.’ ಕೆಳಗೆ ಸಹಿ ಹಾಕಿ ನನಗೆ ತಂದುಕೊಟ್ಟ. ಸಾಹುಕಾರನಿಗೂ ಹೇಳಿಯೇ ಬಂದಿದ್ದ; ಅಂದೇ ಅವನ ನೌಕರಿ ಹೋಯಿತು.

ನಾನು ಎರಡೂ ಬದಿ ಕಳಿಸಿದೆ. ಸಾಹುಕಾರ ವರ್ಷವಿಡೀ ಜಾಹೀರಾತು ಕೊಡುವವನು. ಮುಂಬದಿಯದು ಮಾತ್ರ ಬರುತ್ತದೆ ಎಂದು ಪತ್ರಿಕೆಯ ಕಚೇರಿಯಿಂದ ಫೋನ್ ಬಂತು. ನಾನು ಹೂಂ ಎಂದೆ.

ಮರುದಿನ ಶ್ರೀಶೈಲ ಪತ್ರಿಕೆ ಹಿಡಿದು ಬಂದ. ಬೈಯಲಿಲ್ಲ.

“ಸಿದ್ದಲಿಂಗವ್ವಗ ಓದಾಕ ಬರೂದಿಲ್ಲ. ನಡಿ, ನೀನ ಓದಿ ಹೇಳು.”

ಅಂಗಳದಲ್ಲಿ ನಿಂತು ಓದಿದೆ, ಕಾರ್ಮಿಕ ಮಹಿಳೆಯರು ಕೆಲಸಕ್ಕೆ ಬಾರದ ಕಾರಣ ಎಂಬುದನ್ನೂ.

“ಇದನ್ನ ಬರದವರು ಯಾರ್ರಿ?” ಎಂದಳು ಸಿದ್ದಲಿಂಗವ್ವ.

ಸುದ್ದಿಯ ಮೇಲೆ ನನ್ನ ಹೆಸರಿತ್ತು. ಅದನ್ನೂ ಓದಿದೆ.

ಆಕೆ ಒಳಗೆ ಹೋಗಿ ಭಂಡಾರದ ಬಟ್ಟಲು ತಂದಳು. ಶ್ರೀಶೈಲ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟ.