ಪಕ್ಕಾ ಬಣ್ಣ

ಚಿಗವ್ವನ ಕೈಗಳು ಮೊಣಕೈವರೆಗೂ ಕೆಂಪು. ನಮ್ಮೂರು ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿದ್ದ ಕಾಲ. ಸೀರೆ ಸೆರಗಿನ ನೂಲಿಗೆ ಬಣ್ಣ ಹಾಕುವುದು ಅವಳ ಕೆಲಸ. ಆ ಕೈಯ ರೊಟ್ಟಿಗೆ ಯಾರಾದರೂ ಹೇಸಿದರೆ ನಗುತ್ತಿದ್ದಳು: "ಪಕ್ಕಾ ಬಣ್ಣ ಐತಿ ಬೇ, ಹಿಟ್ಟಿಗೆ ಹತ್ತೂದಿಲ್ಲ." ಅವ್ವ ಸತ್ತ ಮೇಲೆ ನನ್ನ ತಲೆ ಬಾಚಿದ್ದು, ತುತ್ತಿಟ್ಟದ್ದು ಅವೇ ಕೈಗಳು. ಚಿಕ್ಕಮ್ಮನಾದರೂ ಅವಳೆಂದರೆ ನನಗೆ ಪ್ರಾಣ.

ಚಿಕ್ಕಂದಿನಲ್ಲೇ ರಬಕವಿಯ ಮನೆತನಕ್ಕೆ ನನ್ನ ಮದುವೆಯಾಗಿತ್ತು. ಮೈನೆರೆದ ಮೇಲೆ ಕಳಿಸುವುದೆಂದು ಮಾತು. ಓರಗೆಯವರೆಲ್ಲ ಗಂಡನ ಮನೆ ಸೇರಿದರು; ನನಗೆ ತಿಂಗಳಿಗೊಮ್ಮೆ ಹೊಟ್ಟೆ ಹಿಂಡುವ ನೋವು ಬರುತ್ತಿತ್ತೇ ಹೊರತು ಮುಟ್ಟು ಬರಲಿಲ್ಲ. ಬೀಗರು ಬೇರೆ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಬಂತು. ಚಿಗವ್ವ ಅಪ್ಪನಿಗೂ ಹೇಳದೆ ನನ್ನ ಸೀರೆಗೆ ನೂಲಿನ ಬಣ್ಣ ಹಚ್ಚಿ, ಓಣಿಯ ಹೆಂಗಸರನ್ನು ಕರೆದು, ನಾನು ಮೈನೆರೆದೆನೆಂದು ಆರತಿ ಮಾಡಿಸಿದಳು. "ಇಂದಿಲ್ಲ ನಾಳಿ ಆಗೂದ ಐತಿ. ಬಾಯಿ ಮುಚ್ಕೊಂಡು ಕುಂಡ್ರು," ಎಂದು ಕಿವಿಯಲ್ಲಿ ಹೇಳಿದಳು. ಕುಳಿತೆ.

ಕಳಿಸಲು ಮುಹೂರ್ತ ನೋಡುವಷ್ಟರಲ್ಲಿ ನನ್ನ ಹೊಟ್ಟೆ ಉಬ್ಬತೊಡಗಿತು. ಗಂಡನಾದವನು ಸೊಲ್ಲಾಪುರದ ಗಿರಣಿಯಲ್ಲಿದ್ದ. ಅವನ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಅತ್ತೆ ಬಂದು ಹೊಟ್ಟೆ ನೋಡಿ, ನನ್ನನ್ನು ಬಿಟ್ಟು ಚಿಗವ್ವನನ್ನು ಕೇಳಿದಳು: "ಈಕಿ ಹೊರಗ ಕುಂತು ಎಷ್ಟು ದಿನ ಆತು?"

ಎಂದೂ ಕುಂತಿಲ್ಲ, ಆ ಆರತಿ ಸುಳ್ಳು ಎಂದಿದ್ದರೆ ನಾನು ಉಳಿಯುತ್ತಿದ್ದೆ. ಚಿಗವ್ವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಭಾಳ ದಿನ ಆತ್ರೀ, ಕುಂತಿಲ್ಲ," ಎಂದಳು. ಮಾತು ಖರೆ. ಆ ಖರೆ ಮಾತೇ ನನ್ನ ಕುತ್ತಿಗೆ ಕೊಯ್ದಿತು. ಪರರು ಆಡಿದ್ದರೆ ಎಂದೋ ಮರೆಯುತ್ತಿದ್ದೆ.

ನಾನು ಬಸುರಿಯೆಂದು ಅತ್ತೆ ಊರೆಲ್ಲ ಸಾರಿದಳು. ಮಗನಿಗೆ ಬೇರೆ ಹೆಣ್ಣು ತಂದಳು. ಅಪ್ಪ ನನ್ನೊಡನೆ ಮಾತು ಬಿಟ್ಟ. ನೋವು ತಾಳದೆ ನಾನು ಬಿದ್ದ ದಿನ ಮಾತ್ರ ಕೃಷ್ಣೆ ದಾಟಿಸಿ ಮಿರಜಿಗೆ ಕರೆದೊಯ್ದ. ಅಲ್ಲಿಯ ಡಾಕ್ಟರಬಾಯಿ ಪರೀಕ್ಷಿಸಿ ಅವನನ್ನು ಒಳಗೆ ಕರೆದಳು: "ಬಸರಲ್ರೀ. ಹುಟ್ಟಿದಾಗಿಂದ ಮುಟ್ಟಿನ ದಾರಿಗೆ ತೆಳು ಪೊರಿ ಮುಚ್ಚೈತಿ. ಇಷ್ಟು ದಿನದ ರಕ್ತ ಒಳಗ ಕೂಡೇತಿ." ಸಣ್ಣದೊಂದು ಕೊಯ್ತ, ಅಷ್ಟೇ. ಹೊರಬಂದ ರಕ್ತ ಕೆಂಪಿರಲಿಲ್ಲ, ಕಾಕಂಬಿಯಂತೆ ಕಪ್ಪಗಿತ್ತು.

ಊರಿಗೆ ಮರಳಿದಾಗ ಚಿಗವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಈಗ ಖರೇನ ಆತಲ್ಲ ಮಗಳ. ಓಣಿಯವರನ್ನ ಕರೀತೇನಿ, ಕುಂಡ್ರು ಬಾ."

"ಮೊದಲಿಂದು ಬಣ್ಣ ಅಂತ ಅವರ ಮುಂದ ಹೇಳ್ತೀಯೇನು?"

ಚಿಗವ್ವ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಕೈಗಳನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡಳು.

"ಹಂಗಾರ ಆರತಿ ಒಮ್ಮಿ ಆಗೇತಲ್ಲ ಚಿಗವ್ವ, ಬಿಡು," ಎಂದು ಒಳಗೆ ಹೋದೆ. ಅವಳು ಬದುಕಿರುವತನಕ ಅವಳು ಬಡಿದ ರೊಟ್ಟಿ ನಾನು ಮುಟ್ಟಲಿಲ್ಲ.