ಕೊನೆಗೆ ಎದ್ದ ಇಲಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಡಾಕ್ಟರೇಟಿಗಾಗಿ ಇಲಿಗಳಿಗೆ ನಿದ್ದೆಯ ಮದ್ದು ಚುಚ್ಚುತ್ತಿದ್ದೆ. ಅಂಗಾತ ಮಲಗಿಸಿದ ಇಲಿ ತಾನಾಗಿ ಮಗುಚಿ ಎದ್ದು ನಿಲ್ಲುವವರೆಗೆ ಕಾದು ಹೊತ್ತು ಬರೆದುಕೊಳ್ಳುವುದು, ಅಷ್ಟೇ ಕೆಲಸ. ಮದುವೆಯಾಗದವಳಿಗೆ ಹೇಳಿ ಮಾಡಿಸಿದ ಸಂಶೋಧನೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ನಗು ಬರದಿದ್ದರೂ ನಗುತ್ತಿದ್ದೆ.

ನನ್ನ ಗೈಡ್ ಆಗಿದ್ದ ಪ್ರೊಫೆಸರರು ಬೊಂಬಾಯಿಯಿಂದ ಇನ್‌ಬ್ರೆಡ್ ಇಲಿ ತರಿಸಿಕೊಳ್ಳಲು ಹೇಳಿದರು. ಒಡಹುಟ್ಟಿದವುಗಳನ್ನೇ ತಲೆತಲಾಂತರ ಕೂಡಿಸಿ ಬೆಳೆಸಿದ ತಳಿ ಅದು. ಎಲ್ಲದರ ಮೈಗುಣವೂ ಒಂದೇ, ಮದ್ದು ಕೊಟ್ಟರೆ ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತವೆ. ನಮ್ಮಲ್ಲಿದ್ದವು ಔಟ್‌ಬ್ರೆಡ್, ಅಂದರೆ ರಕ್ತ ಬೆರೆತವು. ಒಂದು ಬೇಗ ಎದ್ದರೆ ಇನ್ನೊಂದು ಏಳುವ ಹೆಸರೇ ಎತ್ತುವುದಿಲ್ಲ; ಲೆಕ್ಕ ಕೂಡಿಬರಲು ಎಷ್ಟೋ ಹೆಚ್ಚು ಇಲಿಗಳು ಬೇಕು.

“ಇವನ್ನೇ ಹಿಡ್ಕೊಂಡ್ರೆ ನಿಮ್ಮ ಥೀಸಿಸ್ ಇನ್ನೂ ಎರಡು ವರ್ಷ ಎಳೀತದೆ ಮಾರಾಯ್ರೆ. ಎಂತಕ್ಕೆ ಈ ಹಠ?” ಎಂದರು.

“ನಮ್ಮ ವಾರ್ಡಿನಲ್ಲಿ ಮಲಗಿದವರೆಲ್ಲ ಒಂದೇ ತಳಿಯಾ ಸರ್?” ಎಂದೆ.

ಅಮ್ಮನ ವಿಷಯ ನಾನು ಅವರಿಗೆ ಹೇಳಲಿಲ್ಲ. ಹಿಂದಿನ ವರ್ಷ ಅವಳಿಗೆ ಆಪರೇಷನ್ ಆಗಿತ್ತು. ಅದೇ ಅರಿವಳಿಕೆ ಪಡೆದ ಪಕ್ಕದ ಮಂಚದವರು ಎದ್ದು ನೀರು ಕೇಳಿದರೂ ಅಮ್ಮ ಏಳಲಿಲ್ಲ. ಕೆಲವರು ಹಾಗೆಯೇ ಎಂದರು ಡಾಕ್ಟರು. ಸಂಜೆಯವರೆಗೆ ಸ್ಟೂಲಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆ. ಕೊನೆಗೆ ಕಣ್ಣು ಬಿಟ್ಟವಳು ತುಳುವಿನಲ್ಲಿ ಕೇಳಿದ್ದು ಒಂದೇ ಮಾತು, ನಿನ್ನ ಊಟ ಆಯಿತಾ ಎಂದು. ಆ ಮಳೆಗಾಲದಲ್ಲೇ ಜ್ವರ ಬಂದು ತೀರಿಕೊಂಡಳು. ಕುಲಶೇಖರದ ಬಾಡಿಗೆ ಮನೆಯಲ್ಲಿ ಆಮೇಲೆ ನಾನೊಬ್ಬಳೇ.

ಔಟ್‌ಬ್ರೆಡ್ ಇಲಿಗಳನ್ನೇ ಇಟ್ಟುಕೊಂಡೆ. ಒಂದು ಸಂಜೆ ಎಲ್ಲವೂ ಎದ್ದು ಓಡಾಡುತ್ತಿದ್ದರೂ ಒಂದು ಮಾತ್ರ ಮಲಗಿಯೇ ಇತ್ತು. ಅಟೆಂಡರ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಅದೊಂದನ್ನು ಲೆಕ್ಕದಿಂದ ಬಿಡಿ ಮೇಡಂ. ನಿಮಗೆ ಬಸ್ಸು ತಪ್ಪಿ ಹೋಗ್ತದೆ.”

“ಬೀಗ ನಾನೇ ಹಾಕ್ತೇನೆ, ನೀವು ಹೊರಡಿ.”

ಅವನ ಮನೆಯಲ್ಲಿ ಕಾಯುವವರಿದ್ದರು, ಹೋದ. ನಾನು ಟೇಬಲ್ ಲ್ಯಾಂಪನ್ನು ಇಲಿಯ ಹತ್ತಿರ ಸರಿಸಿ, ಮೈ ಬೆಚ್ಚಗಿರಲಿ ಎಂದು, ಸ್ಟೂಲ್ ಎಳೆದುಕೊಂಡು ಕುಳಿತೆ. ಹೊರಗೆ ಕತ್ತಲಾಗುವ ಹೊತ್ತಿಗೆ ಅದು ಕಾಲು ಕೊಡವಿತು, ಮಗುಚಿತು, ನಾಲ್ಕೂ ಕಾಲೂರಿ ನಿಂತಿತು. ನಾನು ಬಗ್ಗಿ ನೋಡಿದೆ. ಅದು ಮೂಗು ಆಡಿಸಿ ಮರದ ಹೊಟ್ಟಿನೊಳಗೆ ನುಗ್ಗಿತು.

ಮಧ್ಯಾಹ್ನದ ಬುತ್ತಿ ಬಿಚ್ಚದೆ ಮೇಜಿನ ಮೇಲೆಯೇ ಇತ್ತು. ಊಟ ಆಯಿತಾ ಎಂದು ನನ್ನನ್ನೇ ನಾನು ತುಳುವಿನಲ್ಲಿ, ಗಟ್ಟಿಯಾಗಿ ಕೇಳಿಕೊಂಡೆ. ಅಮ್ಮ ಹೋದ ಮೇಲೆ ಮೊದಲ ಸಲ ಅತ್ತೆ.